ಇವತ್ತಿನ ತಪ್ಪು ಹೇಳು, ಆಮ್ಯಾಲ ಉಣ್ಣು

ಆಶಾಪುರ ರಸ್ತೆ, ರಾಯಚೂರು
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಅಂಬರೀಶ ಅವರಿಗೆ ನಿಮ್ಮ ಹೆಂಡತಿ ಉಮಾದೇವಿಯ ನಮಸ್ಕಾರ.

ಹೇಗಿದ್ದೀರಿ? ಎಡಭುಜದ ನೋವು ಇಳಿಯಿತೇ? ಆಫೀಸಿನ ಕುರ್ಚಿ ಬದಲಿಸಿಕೊಂಡಿರಂತೆ, ರಾತ್ರಿ ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನುತ್ತಿದ್ದೀರಂತೆ, ಒಳ್ಳೆಯದಾಯಿತು. ಹೈದರಾಬಾದಿನಲ್ಲೂ ರೊಟ್ಟಿ ಬಡಿದುಕೊಡುವವರು ಸಿಕ್ಕಿದ್ದು ನಿಮ್ಮ ಪುಣ್ಯ. ಇದೆಲ್ಲ ಇವಳಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬು ಗಂಟಿಕ್ಕಬೇಡಿ, ಹಣೆಗೆ ಗೆರೆ ಬೀಳುತ್ತದೆ, ನಿಮಗೆ ಮೊದಲೇ ಮುಖದ ಚಿಂತೆ ಹೆಚ್ಚು. ನಾನು ಚೆನ್ನಾಗಿದ್ದೇನೆ. ಕಾಲೇಜು ನಡೆದಿದೆ. ನೀವು ಬಿಟ್ಟುಹೋದ ಪಾಠಗಳನ್ನೂ ನನಗೇ ಹಚ್ಚಿದ್ದಾರೆ, ಅದಕ್ಕೇ ಈಗ ಗಂಟಲು ಸ್ವಲ್ಪ ಒಡೆದಿದೆ. ಈ ಪತ್ರ ನಿಮಗೆ ಶೇಂಗಾ ಹಿಂಡಿಯ ಡಬ್ಬಿಯ ಕೆಳಗೆ ಸಿಕ್ಕಿರುತ್ತದೆ. ಮೊದಲು ಎದ್ದು ಹಿಂಡಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಡಿ, ಆಮೇಲೆ ಓದಿ. ಓದಿದ ಮೇಲೆ ಹಿಂಡಿಯ ನೆನಪು ನಿಮಗೆ ಉಳಿಯುವುದಿಲ್ಲ, ಪುಡಿ ಸುಮ್ಮನೆ ಮೆತ್ತಗಾಗಿ ಹೋಗುತ್ತದೆ.

ಬರುವ ಭಾನುವಾರ ಊರಿಗೆ ಬರುತ್ತೀರಂತೆ. ನಿಮ್ಮ ಅವ್ವನಿಗೆ ಕಿವಿ ಮಷೀನ್ ಕೊಂಡಿದ್ದೀರಂತೆ, ಕಿವಿಯ ಹಿಂದೆ ಸಿಕ್ಕಿಸಿದರೆ ಹೊರಗೆ ಕಾಣುವುದೇ ಇಲ್ಲವಂತೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೇನೋ ಕೇಳಿ ನೋಡಿ. ಅತ್ತೆ ಶ್ರಾವಣದಲ್ಲೇ ತೀರಿಕೊಂಡರು. ಬಾಗಲವಾಡದಲ್ಲಿ, ನಿಮ್ಮ ದೊಡ್ಡವ್ವ ಬೂದೆಮ್ಮನ ಹೊಲದ ಬದುವಿಗೆ, ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದ್ದೇವೆ. ಅದರ ಮೇಲೆ ಈಗ ಹುಲ್ಲು ಬಂದಿದೆ.

ಇಷ್ಟೊತ್ತಿಗೆ ನೀವು ಫೋನ್ ತೆಗೆದಿರುತ್ತೀರಿ. ತೆಗೆಯಿರಿ, ನಾನು ಕಾಯುತ್ತೇನೆ. ಇವತ್ತು ಬೆಳಿಗ್ಗೆ ಅವ್ವನ ನಂಬರಿನಿಂದ ‘ಎದ್ದಿ ಏನ್ ಯಪ್ಪಾ, ಚಾ ಕುಡದಿ?’ ಎಂದು ಬಂದಿದೆಯಲ್ಲ? ಅದನ್ನು ಬರೆದವಳು ನಾನು. ನಿನ್ನೆಯದೂ ನಾನೇ. ಶ್ರಾವಣದಿಂದ ಈಚೆಗೆ ಆ ನಂಬರಿನಿಂದ ಬಂದ ಒಂದೊಂದು ಅಕ್ಷರವೂ ನನ್ನ ಬೆರಳಿನದು. ಕುಳಿತುಕೊಳ್ಳಿ, ಒಂದು ಗುಟುಕು ನೀರು ಕುಡಿಯಿರಿ. ಪತ್ರ ಇನ್ನೂ ಬಹಳ ಇದೆ.

ನನಗೆ ನಗು ಬಂದದ್ದು ಯಾವುದಕ್ಕೆ ಗೊತ್ತೇ? ಇಡೀ ಜಿಲ್ಲೆಯಲ್ಲಿ ಈ ಮೋಸ ಯಾರಿಗೆ ನಡೆದರೂ ನಿಮಗೆ ನಡೆಯಬಾರದಿತ್ತು. ಇದು ನಿಮ್ಮದೇ ಪಾಠ. ಕಂಪ್ಯೂಟರಿನ ಪಾಠದಲ್ಲಿ, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ತಪ್ಪು ಎಂದರೇನು ಎಂದು ಹುಡುಗರಿಗೆ ಹೇಳುವಾಗ ನೀವು ಯಾವಾಗಲೂ ಹಾಸ್ಟೆಲಿನ ಕೋಣೆಯನ್ನು ತರುತ್ತಿದ್ದಿರಿ. ಹುಡುಗ ಕೋಣೆ ಬಿಟ್ಟು ಹೋದ, ವಾರ್ಡನ್ ಅದನ್ನು ಬೇರೆಯವನಿಗೆ ಕೊಟ್ಟ. ಆದರೆ ಊರಿನಿಂದ ಬುತ್ತಿ ತರುವವನ ಚೀಟಿಯಲ್ಲಿ ಹಳೆಯ ಕೋಣೆಯ ನಂಬರೇ ಉಳಿದಿದೆ. ಅವನು ದಿನಾ ಬಂದು ಬಾಗಿಲು ಬಡಿಯುತ್ತಾನೆ, ಒಳಗಿರುವವನು ಕೈ ಚಾಚಿ ಬುತ್ತಿ ಇಸಕೊಂಡು ಉಣ್ಣುತ್ತಾನೆ. ‘ಬುತ್ತಿ ತರಾಂವ ಒಂದ್ ಸಲನೂ ಮಾರಿ ನೋಡಂಗಿಲ್ಲ, ಅಲ್ಲೇ ಅದ ನೋಡ್ರಿ ಎಡವಟ್ಟು’ ಎಂದು ನೀವು ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಟಕ್ಕನೆ ಕುಟ್ಟುತ್ತಿದ್ದಿರಿ. ಈಗ ಆ ಪಾಠ ನಾನು ಮಾಡುತ್ತೇನೆ, ಅದೇ ಬುತ್ತಿ, ಅದೇ ಕೋಣೆ. ಹುಡುಗರು ನಗುತ್ತಾರೆ. ನೀವೂ ಮೂರು ತಿಂಗಳು ಬುತ್ತಿ ತಂದು ಕೊಟ್ಟಿರಿ, ಮಾರಿ ನೋಡಲಿಲ್ಲ.

ಹಳೆಯದನ್ನು ಕೆದಕುತ್ತಾಳೆ ಎನ್ನುತ್ತೀರಿ. ಕೆದಕುತ್ತೇನೆ, ಕೇಳಿ. ಕಾಲೇಜಿನವರು ಬಿಸಾಕಿದ ಹಳೆಯ ಕಂಪ್ಯೂಟರನ್ನು ನಮ್ಮ ಪಡಸಾಲೆಗೆ ತಂದಿಟ್ಟವರು ನೀವು. ಅದರ ಕರ್ನೆಲ್ಲಿಗೆ ಅಡ್ಡಾದಿಡ್ಡಿ ಕೆಲಸ ಹೇಳಿ ಎಲ್ಲಿ ಮುಗ್ಗರಿಸುತ್ತದೆ ನೋಡುವ ಆಟ ಶುರು ಮಾಡಿದವರೂ ನೀವು, ಬೇಗನೇ ಬೇಸತ್ತು ಕ್ರಿಕೆಟ್ ಹಚ್ಚಿಕೊಂಡು ಕುಳಿತವರೂ ನೀವು. ಆ ಕಂಪ್ಯೂಟರಿನ ಗುರುಗುಟ್ಟುವ ಸದ್ದು ಅತ್ತೆಗೆ ಕೇಳುತ್ತಿರಲಿಲ್ಲ, ಅದರ ದೀಪ ಮಾತ್ರ ಕಾಣುತ್ತಿತ್ತು. ಇದೇನೆಂದು ಕೇಳಿದರು. ಕಂಪ್ಯೂಟರಿನ ಒಳಗೆ ಎಲ್ಲರಿಗೂ ಜಾಗ ಹಂಚುವ, ಎಲ್ಲರ ಬಾಗಿಲು ಕಾಯುವ ಭಾಗಕ್ಕೆ ಕರ್ನೆಲ್ ಅನ್ನುತ್ತಾರೆ, ಅದನ್ನು ಪರೀಕ್ಷೆ ಮಾಡುತ್ತಿದ್ದೇವೆ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, ‘ಹಂಗಾರ ಹೆಡ್‌ಮಾಸ್ತರ ಅನ್ನು’ ಎಂದರು. ಅವರಿಗೆ ತಿಳಿಯಿತು. ಸ್ವತಃ ಹೆಡ್‌ಮಿಸ್ಟ್ರೆಸ್ ಆಗಿದ್ದವರಲ್ಲವೇ.

ಅವರಿಗೆ ಗುಳಿಗೆ ಕೊಡುವಾಗ, ರೊಟ್ಟಿ ಬಡಿಯುವಾಗ ಒಂದು ಕಣ್ಣು ಆ ಕಂಪ್ಯೂಟರಿನ ಮೇಲಿಟ್ಟವಳು ನಾನು. ಒಂದು ಮಧ್ಯಾಹ್ನ ಅದು ಸತ್ತು ಬಿತ್ತು. ಎಬ್ಬಿಸಿದೆ, ಮತ್ತೆ ಅದೇ ಜಾಗದಲ್ಲಿ ಸತ್ತು ಬಿತ್ತು. ಕರ್ನೆಲ್ ಒಂದು ಜಾಗ ಬಿಟ್ಟುಕೊಟ್ಟಿತ್ತು, ಆದರೆ ವೇಳೆ ನೋಡಿಕೊಳ್ಳುವ ಪ್ರೋಗ್ರಾಮಿನ ಒಂದು ತುಣುಕು ಆ ಜಾಗದ ವಿಳಾಸವನ್ನು ಕೈಯಲ್ಲೇ ಹಿಡಿದುಕೊಂಡು, ಹೊತ್ತಾದಾಗ ಹೋಗಿ ಬಾಗಿಲು ಬಡಿಯುತ್ತಿತ್ತು. ಅಷ್ಟರೊಳಗೆ ಅಲ್ಲಿ ತನಗೆ ಬೇಕಾದದ್ದನ್ನು ಕೂರಿಸಿಟ್ಟ ಯಾರೇ ಆದರೂ ಇಡೀ ಯಂತ್ರಕ್ಕೆ ಯಜಮಾನನಾಗಿಬಿಡಬಹುದಿತ್ತು. ಅದೇ ಕರ್ನೆಲ್ ಈ ಊರಿನ ಅರ್ಧ ಮಂದಿಯ ಫೋನಿನಲ್ಲೂ ಇದೆ. ಒಗ್ಗರಣೆ ಕರಕಾಗುತ್ತಿದ್ದರೂ ಬಿಟ್ಟು ನಿಮ್ಮನ್ನು ಕೂಗಿದೆ. ನೀವು ನೋಡಿದಿರಿ, ನನ್ನ ತಲೆಯ ಮೇಲೆ ಕೈಯಿಟ್ಟು ‘ಶಾಣ್ಯಾಕಿ ಅದಿ ಬಿಡು’ ಎಂದಿರಿ. ಮರುದಿನ ವರದಿ ಕಳಿಸಿದಿರಿ. ತೂತಿಗೆ ತೇಪೆ ಹಾಕುವ ಪ್ಯಾಚನ್ನೂ ನೀವೇ ಬರೆದಿರಿ. ಕಂಡುಹಿಡಿದವರ ಹೆಸರಿನ ಸಾಲಿನಲ್ಲಿ ನಿಮ್ಮದೊಂದೇ ಹೆಸರು. ಕೇಳಿದ್ದಕ್ಕೆ, ‘ಮನಿಯಾಗ ಒಬ್ಬರ ಹೆಸರು ಬಂದ್ರ ಇಬ್ಬರದೂ ಬಂದಂಗ’ ಎಂದಿರಿ. ಆ ಸಾಲು ನೋಡಿ ಹೈದರಾಬಾದಿನ ಆ ಕಂಪನಿ ನಿಮ್ಮನ್ನು ಕರೆಯಿತು, ಬೀಗ ಒಡೆಯುವವರಿಗೆ ಯಾವ ಬೀಗ ಸಡಿಲ ಇದೆ ಎಂದು ಹೇಳಿಕೊಟ್ಟು ಬದುಕುವ ಕಂಪನಿ. ಆಗ ಮಾತ್ರ ಒಬ್ಬರು ಹೋದರೆ ಇಬ್ಬರೂ ಹೋದಂತೆ ಆಗಲಿಲ್ಲ.

ನಾನು ಕೂಗಾಡಿದ್ದು ನಿಜ. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ, ಕಿವಿ ಕೇಳದ ಅತ್ತೆಯೂ ತಿರುಗಿ ನೋಡಿದರು. ನೀವು ನನ್ನ ನಂಬರು, ದೇವದುರ್ಗದ ನನ್ನ ತವರಿನವರ ನಂಬರು, ಬುದ್ಧಿ ಹೇಳಲು ಬಂದ ದೊಡ್ಡವ್ವನ ನಂಬರು, ಎಲ್ಲವನ್ನೂ ಮುಚ್ಚಿ ಹೊಸ ಸಿಮ್ ಹಾಕಿಕೊಂಡಿರಿ. ಅದನ್ನು ಕೊಟ್ಟದ್ದು ಅವ್ವನಿಗೆ ಮಾತ್ರ. ಫೋನ್ ಮಾಡಿದರೆ ಕೇಳದ ಅವ್ವ, ಬೆರಳಿನಿಂದ ಒತ್ತಿ ಒತ್ತಿ ಬರೆಯುವ ಅವ್ವ. ಅವರ ದನಿ ಬೇಕೆಂದು ನೀವು ಒಮ್ಮೆಯೂ ಕೇಳಲಿಲ್ಲ, ಮುಖ ತೋರಿಸು ಎಂದೂ ಅನ್ನಲಿಲ್ಲ. ಮುಖ ತೋರಿಸಿದರೆ ಹಿಂದೆ ನಾನು ಕಾಣುತ್ತೇನಲ್ಲ, ಅದಕ್ಕೆ. ನಿಮ್ಮ ಆ ಹೆದರಿಕೆಯೇ ನನಗೆ ಅನುಕೂಲವಾಯಿತು.

ನಮ್ಮ ಮನೆಯ ರೂಢಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅತ್ತೆ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನ ಶಾಲೆಯಲ್ಲಿದ್ದಾಗ, ಮೊಸಳೆ ಇರುವ ಹೊಳೆಗೆ ಇಳಿಯಬೇಡ ಎಂದರೂ ಇಳಿದು, ಅಲ್ಲಮಪ್ರಭುವಿನ ಗುಡಿಯಲ್ಲಿ ಆಡಾಕತ್ತಿದ್ದೆ ಎಂದು ಸುಳ್ಳು ಹೇಳಿ, ತಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಉಣ್ಣಲು ಕುಳಿತಿರಂತೆ. ಅತ್ತೆ ಹೊಡೆಯಲಿಲ್ಲ, ತಾಟನ್ನು ತಮ್ಮ ಕಡೆಗೆ ಎಳೆದುಕೊಂಡರಂತೆ. ‘ಇವತ್ತಿನ ತಪ್ಪು ಹೇಳು, ಆಮ್ಯಾಲ ಉಣ್ಣು.’ ಅಲ್ಲಿಂದ ಹಿಡಿದು ನೀವು ತಪ್ಪು ಹೇಳದೆ ಉಂಡವರಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಅದೇ ಪಾಳಿ ಬಂತು. ಹಾಲು ಉಕ್ಕಿ ಹೋಯಿತು ಎಂದೆ. ಅತ್ತೆ ನಕ್ಕು, ‘ಅದು ಹಾಲಿನ ತಪ್ಪು, ನಿನ್ನದು ಹೇಳು’ ಎಂದರು. ನಾನು ಕಾಲೇಜಿನಿಂದ ಬೇಗ ಬಂದರೂ ಮನೆಗೆಲಸ ತಪ್ಪಿಸಿಕೊಳ್ಳಲು ಮೂಲೆಯ ಅಂಗಡಿಯಲ್ಲಿ ಕುಳಿತು ಮಿರ್ಚಿ ತಿಂದದ್ದನ್ನು ಒಪ್ಪಿಕೊಂಡೆ. ಅವರು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಅಷ್ಟು ಒಳ್ಳೆಯವರಾಗಿದ್ದರು. ಅವರ ಹೊಟ್ಟೆಯಲ್ಲಿ ನೀವು ಹುಟ್ಟಿದ್ದು ಹೇಗೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ಆಷಾಢದ ಕೊನೆಗೆ ಅವರಿಗೆ ಉಸಿರು ಹಿಡಿಯತೊಡಗಿತು. ನಮ್ಮ ಓಣಿಯ ಸತ್ತಾರ್ ಸಾಬ್ ತಮ್ಮ ಆಟೊದಲ್ಲಿ ದವಾಖಾನೆಗೆ ಒಯ್ದರು. ಹೃದಯ ದಣಿದಿದೆ, ಬರಬೇಕಾದವರನ್ನು ಕರೆಸಿರಿ ಎಂದರು ಡಾಕ್ಟರು. ಬರಬೇಕಾದವರು ನೀವೊಬ್ಬರೇ. ನಾನು ಅತ್ತೆಯ ಫೋನಿನಿಂದ ಬರೆದೆ, ಮುಚ್ಚುಮರೆ ಮಾಡದೆ, ನನ್ನ ಹೆಸರು ಹಾಕಿ: ‘ನಾನು ಉಮಾ. ಅತ್ತಿಯವರಿಗೆ ಭಾಳ ಆರಾಮಿಲ್ಲ. ಕೂಡಲೇ ಬರ್ರಿ. ಜಗಳ ಆಮ್ಯಾಲ ಆಡೋಣು.’ ನಿಮ್ಮ ಉತ್ತರ ಇನ್ನೂ ಇದೆ, ಅಳಿಸಿಲ್ಲ: ‘ಯವ್ವಾ, ಆಕಿ ಕೈಯಾಗ ಫೋನ್ ಕೊಡಬ್ಯಾಡ. ನನ್ನ ಕರಸಾಕ ನಾಟಕ ಹೂಡ್ಯಾಳ. ಪಾಸ್‌ವರ್ಡ್ ಹಾಕು.’ ದವಾಖಾನೆಯ ಮಂಚದ ಮೇಲೆ ಮೂಗಿಗೆ ನಳಿಗೆ ಹಾಕಿದ್ದ ಅವರ ಫೋಟೋ ತೆಗೆದು ಕಳಿಸಿದೆ. ‘ಇದು ಹ್ವಾದ ವರ್ಷದ ಫೋಟೋ, ಆಕಿಗೆ ನಾಚಿಕಿ ಇಲ್ಲ’ ಎಂದಿರಿ. ಹೋದ ವರ್ಷ ಅವರು ಮಲಗಿದ್ದಾಗ ಹಸಿರು ಚಾದರ ಹೊದಿಸಿದ್ದರು, ಈ ಸಲ ನೀಲಿ. ನಿಮಗೆ ಅದೂ ನೆನಪಿರಲಿಲ್ಲ.

ಆ ಸಂಜೆ ನಾನೊಂದು ವಿಷಯ ಕಲಿತೆ. ನನ್ನ ಹೆಸರಿನಲ್ಲಿ ಹೇಳಿದ ಸತ್ಯ ನಿಮಗೆ ಮುಟ್ಟುವುದಿಲ್ಲ. ಅವ್ವನ ಹೆಸರಿನಲ್ಲಿ ಏನು ಹೇಳಿದರೂ ಮುಟ್ಟುತ್ತದೆ.

ಇನ್ನು ಉಪಯೋಗವಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದರು. ಅತ್ತೆ ಕಣ್ಣಿನಲ್ಲೇ ನಿಮ್ಮನ್ನು ಕೇಳುತ್ತಿದ್ದರು. ಒಮ್ಮೆ ಬಾಯಿ ತೆರೆದು ‘ಬರಾಕತ್ತಾನೇನು?’ ಎಂದರು. ಸ್ಲೇಟಿನ ಮೇಲೆ ‘ರೈಲು ಹತ್ಯಾರ’ ಎಂದು ಬರೆದು ತೋರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಅಳಿಸಿ ‘ಸ್ಟೇಷನ್ನಿಗೆ ಇಳದಾರ’ ಎಂದು ಬರೆದೆ. ಆಮೇಲೆ ‘ಆಟೊ ಸಿಗವಲ್ದಂತ’ ಎಂದು ಬರೆದೆ. ಅದನ್ನು ಓದಿ ಅವರು, ‘ಸತ್ತಾರ್ ಸಾಬಗ ಹೋಗಂತ ಹೇಳು’ ಎಂದರು. ಅದೇ ಕೊನೆಯ ಮಾತು. ಬಾಗಿಲ ಬಳಿ ನಿಂತಿದ್ದ ಸತ್ತಾರ್ ಸಾಬ್ ಅದನ್ನು ಕೇಳಿ, ಸುಳ್ಳು ಎಂದು ಗೊತ್ತಿದ್ದೂ ಆಟೊ ಶುರು ಮಾಡಿಕೊಂಡು ಸ್ಟೇಷನ್ನಿಗೆ ಹೋಗಿ ಬಂದರು. ಅವರು ಬರುವಷ್ಟರಲ್ಲಿ ಅತ್ತೆ ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ಹೋಗಿಬಿಟ್ಟಿದ್ದರು. ಇದಿಷ್ಟನ್ನೂ ನಿಮಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ. ನೋವಾಗದಿದ್ದರೆ ಇನ್ನೊಮ್ಮೆ ಓದಿ.

ಅವರನ್ನು ಪಡಸಾಲೆಯಲ್ಲಿ ಮಲಗಿಸಿ, ತಲೆಯ ಹತ್ತಿರ ಮೇಣದ ಬತ್ತಿ ಹಚ್ಚಿ ಕುಳಿತಿದ್ದೆವು. ಊಟದ ಹೊತ್ತಿಗೆ ಸರಿಯಾಗಿ ಫೋನು ಸದ್ದು ಮಾಡಿತು. ‘ಯವ್ವಾ, ಇವತ್ತಿನ ತಪ್ಪು: ಪಾಸ್‌ವರ್ಡ್ ಹಾಕಲಿಲ್ಲಂತ ನಿನ್ನ ಮ್ಯಾಲ ಸಿಟ್ಟಾದೆ. ಉಂಡಿ?’ ಅವರ ಕಾಲಬಳಿ ಕುಳಿತು ಅದನ್ನು ಓದಿದೆ. ಒಂದು ಸಾಲು ಬರೆದರೆ ನೀವು ಓಡಿ ಬರಬಹುದಿತ್ತು. ಬರದೆಯೂ ಇರಬಹುದಿತ್ತು, ಇನ್ನೊಮ್ಮೆ ನಾಟಕ ಎನ್ನಬಹುದಿತ್ತು. ಆ ಮಾತನ್ನು ಹೆಣದ ಮುಂದೆ ಓದುವ ಶಕ್ತಿ ನನಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಮಗೆ ಅವರ ಮುಖ ತೋರಿಸುವ ಮನಸ್ಸೇ ಇರಲಿಲ್ಲ. ‘ಉಂಡೆ ಯಪ್ಪಾ. ನೀ ಉಣ್ಣು’ ಎಂದು ಬರೆದೆ. ಆಮೇಲೆ ಪಾಸ್‌ವರ್ಡ್ ಹಾಕಿದೆ. ನೀವೇ ಹೇಳಿದ್ದಿರಲ್ಲ.

ಮಣ್ಣಿಗೆ ಊರೇ ಬಂದಿತ್ತು. ಮಾನ್ವಿಯಿಂದ ಅವರ ಹಳೆಯ ವಿದ್ಯಾರ್ಥಿಗಳು ಬಂದಿದ್ದರು, ದೇವದುರ್ಗದಿಂದ ನನ್ನ ತವರಿನವರು ಬಂದಿದ್ದರು. ಬುದ್ಧವಿಹಾರದ ಭಂತೇಜಿ ಬಂದು ತ್ರಿಶರಣ ಹೇಳಿಸಿದರು. ಮೊದಲ ಹಿಡಿ ಮಣ್ಣನ್ನು ದೊಡ್ಡವ್ವನ ಮಗ ಹುಲಿಗೇಶ ಹಾಕಿದ, ನಿಮ್ಮ ಜಾಗದಲ್ಲಿ ನಿಂತು. ಮಗ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ, ಅದೂ ನಿಮಗೆ ಗೊತ್ತಿರಲಿ. ದೊಡ್ಡವ್ವ ನನ್ನನ್ನು ಬದಿಗೆ ಕರೆದು, ‘ಅವಗ ನೀನೇ ಹೇಳವ್ವ, ನಮ್ಮ ಫೋನ್ ಅವಂಗ ಹತ್ತಂಗಿಲ್ಲ’ ಎಂದರು. ಹೇಳುತ್ತೇನೆ ಎಂದೆ. ಈಗ ಹೇಳುತ್ತಿದ್ದೇನೆ.

ಆಮೇಲೆ ದಿನಾ ಸಂಜೆ ನಾನು ನಿಮ್ಮ ತಾಟು ಎಳೆದುಕೊಳ್ಳುತ್ತಾ ಹೋದೆ, ನೀವು ಹೇಳುತ್ತಾ ಹೋದಿರಿ. ಮೊದಮೊದಲು ಸಣ್ಣಪುಟ್ಟವು: ಕಸ ಗುಡಿಸುವಾಕೆಗೆ ಬೈದದ್ದು, ಜ್ವರ ಎಂದು ಸುಳ್ಳು ಹೇಳಿ ಮಲಗಿದ್ದು. ಆಮೇಲೆ ಒಂದು ದಿನ, ‘ಆಫೀಸಿನ್ಯಾಗ ನನ್ನ ಹೇಣ್ತಿ ತೀರಿಕೊಂಡಾಳ ಅಂತ ಹೇಳೀನಿ ಯವ್ವಾ. ಹಂಗಂದ್ರ ಯಾರೂ ಏನೂ ಕೇಳಂಗಿಲ್ಲ’ ಎಂದು ಬರೆದಿರಿ. ನಾನು ಒಲೆಯ ಮುಂದೆ ನಿಂತಿದ್ದೆ. ನೀವು ಬದುಕಿದ್ದವಳನ್ನು ಸಾಯಿಸಿದ್ದಿರಿ, ನಾನು ಸತ್ತವರನ್ನು ಬದುಕಿಸಿಟ್ಟಿದ್ದೆ. ಇದರಲ್ಲಿ ಯಾರಿಗೆ ಊಟ ತಪ್ಪಿಸಬೇಕೆಂದು ಅತ್ತೆ ಇದ್ದಿದ್ದರೆ ಹೇಳುತ್ತಿದ್ದರು. ‘ತಪ್ಪು ಯಪ್ಪಾ, ಉಣ್ಣು’ ಎಂದು ಬರೆದೆ. ಇನ್ನೊಂದು ದಿನ ನಿಮ್ಮ ಬುದ್ಧಿಮಾತು ಬಂತು: ‘ಮನಿ ನಿನ್ನ ಹೆಸರಿಗದ ಯವ್ವಾ. ಆಕಿನ್ನ ತವರಿಗೆ ಕಳಸು. ಸುಮ್ಮ ಯಾಕ ಸಾಕಾಕತ್ತಿ?’ ಅವರ ಮಂಚಕ್ಕೆ ಒರಗಿಕೊಂಡು ಅದನ್ನು ಓದಿದೆ. ‘ಆಕಿ ಹೋದ್ರ ನನಗ ನೀರು ಕೊಡಾವರು ಯಾರು?’ ಎಂದು ಅತ್ತೆಯ ಪರವಾಗಿ ಕೇಳಿದೆ. ನೀವು ಒಂದು ಹೂವಿನ ಚಿತ್ರ ಕಳಿಸಿದಿರಿ.

ಗಣೇಶ ಚೌತಿಯ ಆಸುಪಾಸು ನೀವು ಬಹಳ ಖುಷಿಯಲ್ಲಿದ್ದಿರಿ. ಆ ಸಂಜೆಯ ತಪ್ಪು ಇದು: ‘ಯವ್ವಾ, ಆ ಕಂಪ್ಯೂಟರಿಗೆ ಎರಡು ಬಾಗಲಾ ಇದ್ವು. ನಾ ಒಂದೇ ಮುಚ್ಚಿನಿ. ಇನ್ನೊಂದು ಯಾರಿಗೂ ಕಾಣದಂಗ ಬಿಟ್ಟೀನಿ. ಈಗ ಅದನ್ನೇ ಇಲ್ಲಿಯವರಿಗೆ ತೋರಸಾಕತ್ತೀನಿ, ತಲಿ ಮ್ಯಾಲ ಹೊತ್ಗೊಂಡು ಕುಣ್ಯಾಕತ್ತಾರ.’ ‘ಯಾವ ಬಾಗಲಾ ಯಪ್ಪಾ?’ ಎಂದೆ. ಅವ್ವನಿಗೆ ಏನು ತಿಳಿಯುತ್ತದೆ ಎಂಬ ಧೈರ್ಯ ನಿಮಗೆ. ‘ನಿನಗ ತಿಳಿಯಂಗಿಲ್ಲ ಬಿಡು. ನಡುವ ಎರರ್ ಬಂದು ವಾಪಸ್ ಹೋಗೋ ದಾರ‍್ಯಾಗ ಅದ’ ಎಂದಿರಿ. ಅವರಿಗೆ ತಿಳಿಯುತ್ತಿರಲಿಲ್ಲ, ನಿಜ. ಅವರ ಜಾಗದಲ್ಲಿ ಕುಳಿತವಳಿಗೆ ತಿಳಿಯಿತು. ಆ ಹಳೆಯ ಕಂಪ್ಯೂಟರಿನ ಮೇಲಿನ ಧೂಳು ಒರೆಸಿ ಮತ್ತೆ ಪಡಸಾಲೆಗೆ ತಂದಿಟ್ಟೆ.

ಹಿಂಡಿಯ ಕತೆಯೂ ಅಷ್ಟೇ. ವಿಳಾಸ ಕೊಡು, ಶೇಂಗಾ ಹಿಂಡಿ ಕಳಸ್ತೀನಿ ಎಂದ ಕೂಡಲೇ ಕೊಟ್ಟಿರಿ, ಫ್ಲ್ಯಾಟಿನ ನಂಬರು, ಗುರುತಿಗೆ ಎದುರಿನ ಬೇಕರಿ, ಎಲ್ಲ. ನಿಮಗೆ ನೋಟಿಸು ಕಳಿಸಲು ನನಗೂ ನನ್ನ ವಕೀಲರಿಗೂ ಎಷ್ಟೋ ದಿನದಿಂದ ಸಿಗದಿದ್ದ ವಿಳಾಸ. ಮೊದಲ ಡಬ್ಬಿ ಮುಟ್ಟಿದಾಗ, ‘ಯವ್ವಾ, ನಿನ್ನ ಕೈರುಚಿ ಯಾರಿಗೂ ಬರಂಗಿಲ್ಲ, ಆಕಿ ಮಾಡಿದ್ದು ಮಣ್ಣು ತಿಂದಂಗ ಇರ್ತಿತ್ತು’ ಎಂದು ಬರೆದಿರಿ. ಹುರಿದವಳು, ಕುಟ್ಟಿದವಳು, ಬೆಳ್ಳುಳ್ಳಿ ಸುಲಿದವಳು ನಾನೇ. ಮದುವೆಯಾದಾಗಿನಿಂದ ಹಾಕುತ್ತಿದ್ದ ಅದೇ ಅಳತೆ, ಅದೇ ಖಾರ.

ಒಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನೀವು ಆ ನಂಬರಿಗೆ ಬರೆಯುವಷ್ಟು ಮೆತ್ತಗೆ ನನ್ನೊಂದಿಗೆ ಎಂದೂ ಮಾತಾಡಿರಲಿಲ್ಲ. ‘ಮಂಡಿ ನೋವು ಹ್ಯಾಂಗದ, ಎಣ್ಣಿ ಹಚ್ಚಿದಿ?’ ಎಂದು ಕೇಳುತ್ತಿದ್ದಿರಿ. ಮಂಡಿ ನೋವಿಲ್ಲದ ನಾನು ಎಣ್ಣೆ ಬಿಸಿ ಮಾಡಿ ಹಚ್ಚಿಕೊಂಡ ಸಂಜೆಗಳಿವೆ. ಕಾಲೇಜಿನಿಂದ ಬಂದ ಕೂಡಲೇ ನನ್ನ ಫೋನು ಬಿಟ್ಟು ಅವರ ಫೋನು ನೋಡುತ್ತಿದ್ದೆ. ನಿಮ್ಮ ಸಂದೇಶ ತಡವಾದರೆ ಜೀವ ಚಡಪಡಿಸುತ್ತಿತ್ತು, ಅಳುವೂ ಬರುತ್ತಿತ್ತು. ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಬಂದಿದ್ದರೆ ಅವತ್ತೇ ಎಲ್ಲ ಹೇಳಿಬಿಡಬೇಕು ಎಂದು ನಿರ್ಧರಿಸಿದ್ದೆ. ‘ಉಮಾ ಹ್ಯಾಂಗದಾಳ?’ ಎಂದು ಕೇಳಿದ್ದರೂ ಸಾಕಿತ್ತು. ನಾನು ದಿನಾ ನೋಡಿದೆ. ಮೊನ್ನೆ ‘ಹಿಂಡಿ ತಿಂದಾಗಿಂದ ನಿನ್ನ ನೋಡಬೇಕನಸ್ಯಾದ ಯವ್ವಾ, ಐತವಾರ ಬರ್ತೀನಿ, ಆಕಿ ಮನ್ಯಾಗ ಇರದಂಗ ನೋಡ್ಕೊ’ ಎಂದು ಬಂತು. ಹಾಗಾಗಿ ಈ ಪತ್ರ ಬರೆಯಲೇಬೇಕಾಯಿತು. ಆಕೆ ಮನೆಯಲ್ಲೇ ಇರುತ್ತಾಳೆ. ಮನೆ ಈಗ ಆಕೆಯದು, ಕಳೆದ ಸಂಕ್ರಾಂತಿಗೇ ಅತ್ತೆ ನೋಂದಣಿ ಕಚೇರಿಗೆ ಹೋಗಿ ಬರೆದುಕೊಟ್ಟಿದ್ದರು. ನಿಮಗೆ ಅದನ್ನು ಹೇಳಲು ಅವರಿಗೆ ನಾಚಿಕೆಯಾಗಿತ್ತು.

ಬಂದರೆ ಬಾಗಲವಾಡಕ್ಕೆ ನೇರವಾಗಿ ಹೋಗಿ. ಹುಲಿಗೇಶ ಬೇವಿನ ಗಿಡ ತೋರಿಸುತ್ತಾನೆ, ಹೊಡೆಯುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಾನೆ. ದೊಡ್ಡವ್ವನ ಕಾಲಿಗೆ ಬೀಳಿ. ಸತ್ತಾರ್ ಸಾಬ್ ಸಲಾಂ ಹೇಳಿದ್ದಾರೆ. ಸ್ಟೇಷನ್ನಿಗೆ ಬರಲೇ ಎಂದು ಕೇಳಿದರು, ಈ ಸಲ ಬೇಡ ಎಂದೆ. ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಮೈ ಕಡೆ ನಿಗಾ ಇರಲಿ. ನೀವು ಬಹಳ ದಿನ ಬದುಕಬೇಕು, ಅವಸರ ಬೇಡ.

ಇಂತಿ,
ನಿಮ್ಮ ಆಫೀಸಿನಲ್ಲಿ ತೀರಿಕೊಂಡಿರುವ
ಉಮಾದೇವಿ

ಮರೆತಿದ್ದೆ: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಲಗುಲಗು ಬರೆಯುತ್ತಿದ್ದೇನೆ. ನಿಮ್ಮ ಆ ಎರಡನೇ ಬಾಗಿಲನ್ನು ಹುಡುಕಿ ಹಿಡಿದು, ಅದರ ವರದಿಯನ್ನು ಕರ್ನೆಲ್ ನೋಡಿಕೊಳ್ಳುವವರಿಗೆ ಗುಟ್ಟಾಗಿ ಕಳಿಸಿದ್ದೆ. ನಿನ್ನೆ ಅವರು ಅದನ್ನು ಮುಚ್ಚಿ ಲೋಕಕ್ಕೆಲ್ಲ ಸಾರಿದರು. ವರದಿ ಮಾಡಿದವರ ಸಾಲಿನಲ್ಲಿ ಅತ್ತೆಯ ಹೆಸರು, ಗೋಪಮ್ಮ ಎಂದಿದೆ. ನನ್ನ ಹೆಸರು ಆ ಸಲವೂ ಇರಲಿಲ್ಲ, ಈ ಸಲವೂ ಇಲ್ಲ. ಸುದ್ದಿ ಬಂದದ್ದು ಅವರ ನಂಬರಿಗೆ, ಹೆಸರು ಅವರದೇ ಇರಲಿ. ಇದೀಗ, ಹಿಂಡಿಯ ಡಬ್ಬಿಗೆ ಮುಚ್ಚಳ ಹಾಕುವಾಗ, ನಿಮ್ಮ ಸಂದೇಶ ಬಂತು: ‘ಯವ್ವಾ, ಯಾರೋ ನನ್ನ ಬಾಗಲಾ ಮುಚ್ಚಿಬಿಟ್ರು. ಚಂದ ನೋಡು, ನಿನ್ನ ಹೆಸರೇ ಅದ ಅಲ್ಲಿ. ನೌಕರಿ ಉಳಿಯಂಗಿಲ್ಲ ಅನಸ್ತದ. ಮುಂಜಾನಿಂದ ಉಂಡಿಲ್ಲ.’ ಅತ್ತೆ ಬರೆಯುತ್ತಿದ್ದಂತೆಯೇ ಉತ್ತರ ಬರೆದೆ, ನೀವು ಆಗಲೇ ಓದಿರುತ್ತೀರಿ: ‘ಅದು ಮುಚ್ಚಿದವರ ತಪ್ಪು ಯಪ್ಪಾ. ನಿನ್ನದು ಹೇಳು, ಆಮ್ಯಾಲ ಉಣ್ಣು.’